ಅಳತೆಯ ಲೋಟ, ತೂಕದ ಯಂತ್ರ: ವಾರ್ಡಿನಲ್ಲಿ ದ್ರವ-ಲವಣಗಳ ಲೆಕ್ಕ

ದ್ರವ ಮತ್ತು ಲವಣಗಳ ಸಮತೋಲನವನ್ನು ಕಲಿಯಲು ನಮ್ಮ ವಾರ್ಡಿಗೆ ಬರುವ ನರ್ಸಿಂಗ್ ವಿದ್ಯಾರ್ಥಿಗಳ ಕೈಗೆ ನಾನು ಮೊದಲು ಕೊಡುವುದು ಅಳತೆಯ ಲೋಟವನ್ನು. ವಯಸ್ಕ ಪುರುಷನ ತೂಕದಲ್ಲಿ ಸುಮಾರು ಶೇ. 60 ನೀರಿದೆ, ಅದರ ಮೂರರಲ್ಲಿ ಎರಡು ಪಾಲು ಜೀವಕೋಶಗಳ ಒಳಗಿದೆ, ಒಳಗಿನ ಮುಖ್ಯ ಲವಣ ಪೊಟ್ಯಾಸಿಯಂ, ಹೊರಗಿನದು ಸೋಡಿಯಂ ಎಂಬುದನ್ನು ಅವರು ಓದಿಯೇ ಬಂದಿರುತ್ತಾರೆ. ಹಾಸಿಗೆಯಲ್ಲಿರುವ ಈ ರೋಗಿಯ ದೇಹದಲ್ಲಿ ನೀರು ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಮಾತ್ರ ಅಳೆದವರಿಗಷ್ಟೇ ತಿಳಿಯುತ್ತದೆ, ಮತ್ತು ಅಳೆಯುವ ಕೆಲಸ ನಮ್ಮದು.

ರೋಗಿ ದಾಖಲಾದ ಕೂಡಲೇ ಮನೆಯವರು ತಂದ ಲೋಟದಲ್ಲಿ ಎಷ್ಟು ಮಿಲಿಲೀಟರ್ ಹಿಡಿಯುತ್ತದೆಂದು ನೋಡಿ, ಒಳಹೋದ-ಹೊರಬಂದ ದ್ರವವನ್ನು ಬರೆದಿಡುವ ಚಾರ್ಟಿನ ಮೇಲ್ಭಾಗದಲ್ಲಿ ಬರೆಯುತ್ತೇನೆ. ಆಮೇಲೆ ಗಂಜಿ, ಮಜ್ಜಿಗೆ, ಚಹಾ ಯಾವುದೇ ಆಗಲಿ, ಲೋಟಕ್ಕೊಂದು ಗೆರೆ ಎಳೆಯಲು ಜೊತೆಗಿರುವವರಿಗೆ ಹೇಳಿಕೊಡುತ್ತೇನೆ. ಆ್ಯಂಟಿಬಯೋಟಿಕ್ ಬೆರೆಸಿ ಹಾಕುವ 100 ಮಿ.ಲೀ. ಸಲೈನ್ ಬಹಳಷ್ಟು ಚಾರ್ಟುಗಳಲ್ಲಿ ಬಿಟ್ಟುಹೋಗುತ್ತದೆ, ಆದರೆ ದಿನಕ್ಕೆ ಮೂರು ಬಾರಿ ಹಾಕಿದರೆ ಅದೇ 300 ಆಯಿತು. ಹೊರಹೋಗುವ ಲೆಕ್ಕದಲ್ಲಿ ಮೂತ್ರ, ವಾಂತಿ, ಭೇದಿ ಎಲ್ಲವೂ ಸೇರಬೇಕು. ಎಳೆಮಕ್ಕಳಾದರೆ ಒಣಬಟ್ಟೆಯನ್ನೂ ಒದ್ದೆಬಟ್ಟೆಯನ್ನೂ ತೂಗಿ, ಒಂದು ಗ್ರಾಂ ವ್ಯತ್ಯಾಸಕ್ಕೆ ಒಂದು ಮಿಲಿಲೀಟರ್ ಎಂದು ಹಿಡಿಯುತ್ತೇವೆ. ವಯಸ್ಕರ ಮೂತ್ರ ಗಂಟೆಗೆ ಪ್ರತಿ ಕೆ.ಜಿ.ಗೆ 0.5 ಮಿ.ಲೀ.ಗಿಂತ ಕಡಿಮೆಯಾದರೆ, ಅಂದರೆ 60 ಕೆ.ಜಿ. ತೂಕದವರಿಗೆ 30 ಮಿ.ಲೀ.ಗಿಂತ ಕೆಳಗಿಳಿದರೆ, ನಾನು ವೈದ್ಯರಿಗೆ ತಿಳಿಸುತ್ತೇನೆ.

ಬೆವರು ಮತ್ತು ಉಸಿರಿನಲ್ಲಿ ಹೋಗುವ ನೀರನ್ನು ಯಾವ ಲೋಟವೂ ಹಿಡಿಯುವುದಿಲ್ಲ. ಜ್ವರವಿದ್ದಾಗ, ನಮ್ಮ ರಾಯಚೂರು ಕಡೆಯ ಏಪ್ರಿಲ್-ಮೇ ಬಿಸಿಲಿನಲ್ಲಿ, ಅದು ಇನ್ನೂ ಹೆಚ್ಚು. ಆದ್ದರಿಂದಲೇ ದಿನದ ತೂಕವನ್ನು ನಾನು ಚಾರ್ಟಿಗಿಂತ ಹೆಚ್ಚು ನಂಬುತ್ತೇನೆ: ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು, ಅದೇ ಯಂತ್ರದಲ್ಲಿ. ಒಂದೇ ದಿನದಲ್ಲಿ ಒಂದು ಕೆ.ಜಿ. ಏರುಪೇರಾದರೆ ಅದು ಸುಮಾರು ಒಂದು ಲೀಟರ್ ನೀರು. ಹೃದಯ ಸೋತವರಲ್ಲಿ ಕಾಲು ಬಾವು ಕಣ್ಣಿಗೆ ಕಾಣುವ ಮೊದಲೇ ಯಂತ್ರ ಅದನ್ನು ಹೇಳುತ್ತದೆ.

ವಾಂತಿ-ಭೇದಿಯ ಮಗುವನ್ನು ಎತ್ತಿಕೊಂಡು ಬಂದವರು ‘ಮೊದಲು ಸಲೈನ್ ಹಚ್ಚಿರಿ’ ಎನ್ನುತ್ತಾರೆ. ಮಗು ಎಚ್ಚರವಾಗಿದ್ದು ಕುಡಿಯಬಲ್ಲುದಾದರೆ ಓಆರ್‌ಎಸ್ ಸಾಕು. ಕರುಳು ಗ್ಲೂಕೋಸಿನ ಜೊತೆಗೇ ಸೋಡಿಯಮನ್ನು ಒಳಗೆಳೆಯುತ್ತದೆ, ನೀರು ಅವುಗಳ ಹಿಂದೆ ಹೋಗುತ್ತದೆ. ಭೇದಿಯಲ್ಲೂ ಈ ದಾರಿ ಮುಚ್ಚುವುದಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬಂಗಾವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಗ್ಲೂಕೋಸಿನ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿ ಇದನ್ನು ಜಗತ್ತಿಗೆ ತೋರಿಸಿದರು. ನಿರ್ಜಲೀಕರಣವಾಗಿದ್ದರೂ ತೀವ್ರವಲ್ಲದಿದ್ದರೆ ನಾಲ್ಕು ಗಂಟೆಗಳಲ್ಲಿ ಪ್ರತಿ ಕೆ.ಜಿ.ಗೆ 75 ಮಿ.ಲೀ., ಅಂದರೆ 10 ಕೆ.ಜಿ. ಮಗುವಿಗೆ 750 ಮಿ.ಲೀ., ಚಮಚ ಚಮಚವಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ. ಅರ್ಧ ಪೊಟ್ಟಣವನ್ನು ಒಂದು ಲೋಟಕ್ಕೆ ಬೆರೆಸುವ ರೂಢಿ ಅಪಾಯಕಾರಿ, ಏಕೆಂದರೆ ಆ ಗಟ್ಟಿ ದ್ರಾವಣ ರಕ್ತದ ಸೋಡಿಯಮನ್ನು ಏರಿಸಬಲ್ಲದು; ಒಂದು ಲೀಟರಿನ ಪೂರ್ತಿ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ತಾಯಿಯ ಕೈಯಿಂದಲೇ ನನ್ನೆದುರು ಬೆರೆಸಿಸುತ್ತೇನೆ. ಎಳನೀರು ಇದಕ್ಕೆ ಬದಲಿಯಲ್ಲ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ.

ಅದೇ ಕಾರಣಕ್ಕೆ ಡಯಾಲಿಸಿಸ್ ರೋಗಿಗೆ ಮನೆಯವರು ಪ್ರೀತಿಯಿಂದ ತರುವ ಎಳನೀರನ್ನು ನಾನು ತಡೆಯುತ್ತೇನೆ. ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 3.5ರಿಂದ 5 ಮಿಲಿಈಕ್ವಿವಲೆಂಟ್ (ಲವಣಗಳನ್ನು ಅಳೆಯುವ ಮಾನ) ಇರಬೇಕು. ಈ ಕಿರಿದಾದ ಅಂತರ ದಾಟಿದರೆ ಹೃದಯದ ಬಡಿತ ತಪ್ಪುತ್ತದೆ. ನಮ್ಮಲ್ಲಿ ಸಿಗುವ 10 ಮಿ.ಲೀ. ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲಿನಲ್ಲಿ 20 ಮಿಲಿಈಕ್ವಿವಲೆಂಟ್ ಇರುತ್ತದೆ, ಅದನ್ನು ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯ ನಿಂತೇಹೋಗಬಹುದು. ಆದ್ದರಿಂದ ಅದನ್ನು ಬೇರೆ ಆಂಪ್ಯೂಲುಗಳ ಜೊತೆ ಇಡಲು ನಾನು ಬಿಡುವುದಿಲ್ಲ. ರೋಗಿಗೆ ಮೂತ್ರ ಬರುತ್ತಿದೆಯೆಂದು ಖಚಿತಪಡಿಸಿಕೊಂಡು, ಬಾಟಲಿಗೆ ಬೆರೆಸಿ, ತಳದಲ್ಲಿ ನಿಲ್ಲದಂತೆ ಹಲವು ಬಾರಿ ತಲೆಕೆಳಗು ಮಾಡಿ, ಚೀಟಿ ಅಂಟಿಸಿ, ಇನ್ನೊಬ್ಬ ನರ್ಸ್ ನೋಡಿದ ನಂತರವೇ ಹಚ್ಚುತ್ತೇನೆ. ಕೈಯ ರಕ್ತನಾಳದಲ್ಲಾದರೆ ಸಾಮಾನ್ಯವಾಗಿ ಗಂಟೆಗೆ 10 ಮಿಲಿಈಕ್ವಿವಲೆಂಟ್ ಮೀರುವುದಿಲ್ಲ. ವರದಿಯಲ್ಲಿ ಪೊಟ್ಯಾಸಿಯಂ ಅನಿರೀಕ್ಷಿತವಾಗಿ ಏರಿದ್ದರೆ ವೈದ್ಯರಿಗೆ ತಿಳಿಸಿ ಕೂಡಲೇ ಇಸಿಜಿ ತೆಗೆಯುತ್ತೇವೆ. ಜೊತೆಗೆ, ರಕ್ತ ತೆಗೆಯುವಾಗ ಪಟ್ಟಿ ಬಹಳ ಹೊತ್ತು ಬಿಗಿದಿತ್ತೇ, ಮುಷ್ಟಿ ಹಿಡಿದು ಬಿಡಿಸಿದ್ದರೇ ಎಂದು ವಿಚಾರಿಸುತ್ತೇನೆ, ಏಕೆಂದರೆ ಇವೂ ಅಂಕಿಯನ್ನು ಸುಳ್ಳಾಗಿ ಏರಿಸುತ್ತವೆ.

ಸೋಡಿಯಮ್ಮಿನ ವಿಷಯದಲ್ಲಿ ನಾನು ಅಂಜುವುದು ಅವಸರಕ್ಕೆ. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವ ಹಿರಿಯರೊಬ್ಬರು ಹೆಸರು ಮರೆತು ತಡಬಡಿಸುತ್ತಿದ್ದರೆ ಅದನ್ನು ಅರಳು-ಮರಳು ಎಂದು ಬಿಡದೆ, ಸೋಡಿಯಂ ಇಳಿದಿರಬಹುದೆಂದು ಅದರ ಪರೀಕ್ಷೆಗೆ ಕಳಿಸುವಂತೆ ವೈದ್ಯರನ್ನು ಕೇಳಬೇಕು. ಬಹಳ ದಿನಗಳಿಂದ ಇಳಿದಿರುವ ಸೋಡಿಯಮನ್ನು 24 ಗಂಟೆಗಳಲ್ಲಿ ಲೀಟರಿಗೆ 8ರಿಂದ 10 ಮಿಲಿಈಕ್ವಿವಲೆಂಟ್‌ಗಿಂತ ಹೆಚ್ಚು ಏರಿಸಿದರೆ ಮಿದುಳಿನ ನರಗಳ ಹೊದಿಕೆಗೆ ಶಾಶ್ವತ ಹಾನಿಯಾಗಬಹುದು. ಹೀಗಾಗಿ ಅಂಥ ರೋಗಿಯ ಡ್ರಿಪ್ಪನ್ನು ಅಂದಾಜಿಗೆ ಬಿಡುವುದಿಲ್ಲ. ಒಂದು ಮಿಲಿಲೀಟರಿಗೆ 20 ಹನಿಯ ಸೆಟ್ಟಿನಲ್ಲಿ ಗಂಟೆಗೆ 60 ಮಿ.ಲೀ. ಹೋಗಬೇಕಾದರೆ ನಿಮಿಷಕ್ಕೆ 20 ಹನಿ. ಗಡಿಯಾರ ನೋಡುತ್ತ ಇದನ್ನು ಗಂಟೆಗೊಮ್ಮೆ ಎಣಿಸಿ, ಮುಂದಿನ ಸೋಡಿಯಂ ವರದಿ ಬರುವ ತನಕ ರೋಗಿಯ ಎಚ್ಚರದ ಸ್ಥಿತಿಯನ್ನೂ ಮೂತ್ರದ ಪ್ರಮಾಣವನ್ನೂ ಅದರ ಪಕ್ಕದಲ್ಲೇ ವಿದ್ಯಾರ್ಥಿಗಳಿಂದ ಬರೆಸುತ್ತೇನೆ.