ಹೊಸ ಕಾರಿನ ಬ್ರೇಕ್ ಹಿಡಿತ ಕಡಿಮೆ ಎನಿಸಿದಾಗ

ಹೊಸ ಬ್ರೇಕ್ ಪ್ಯಾಡು ಮತ್ತು ಅದು ಒತ್ತಿ ಹಿಡಿಯುವ, ಚಕ್ರದೊಂದಿಗೆ ತಿರುಗುವ ಡಿಸ್ಕ್‌ಗಳು ಒಂದಕ್ಕೊಂದು ಹೊಂದಿಕೊಂಡು, ಪ್ಯಾಡಿನ ವಸ್ತುವಿನ ತೆಳುವಾದ ಪದರ ಡಿಸ್ಕ್ ಮೇಲೆ ಸಮನಾಗಿ ಕೂರುವವರೆಗೆ ಹಿಡಿತ ಸ್ವಲ್ಪ ಕಡಿಮೆಯಿರುವುದು ಸಹಜ. ಕಾರಿನ ಕೈಪಿಡಿಯಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ, ಹಿಂದೆ ವಾಹನಗಳಿಲ್ಲದ ನೇರ ರಸ್ತೆಯಲ್ಲಿ ವೇಗವು ಗಂಟೆಗೆ 60 ಕಿ.ಮೀ.ಯಿಂದ 20ಕ್ಕೆ ಇಳಿಯುವಂತೆ ಮಧ್ಯಮ ಒತ್ತಡದಲ್ಲಿ ಎಂಟು–ಹತ್ತು ಬಾರಿ ಬ್ರೇಕ್ ಹಾಕಿ, ಪ್ರತಿ ಸಲವೂ ಬಿಸಿ ಆರುವಷ್ಟು ದೂರ ಬ್ರೇಕ್ ಮುಟ್ಟದೆ ಓಡಿಸಿ. ಡಿಸ್ಕ್ ಕಾದಿರುವಾಗ ಪೆಡಲ್ ಒತ್ತಿ ಹಿಡಿದು ನಿಲ್ಲಬಾರದು. ಪ್ಯಾಡಿನ ಗುರುತು ಅಲ್ಲಿಯೇ ಉಳಿದುಬಿಡಬಹುದು.

ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಮಾತ್ರ ವಿಷಯವೇ ಬೇರೆ: ಬ್ರೇಕ್ ಪೈಪಿನೊಳಗೆ ಗಾಳಿ ಸೇರಿರಬಹುದು. ಎಂಜಿನ್ ಆರಿಸಿ, ನಾಲ್ಕೈದು ಬಾರಿ ಒತ್ತಿದ ಬಳಿಕ ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಕೆಳಗಿಳಿಯುತ್ತಿದ್ದರೆ ಬ್ರೇಕ್ ದ್ರವದ ಸೋರಿಕೆಯನ್ನು ಶಂಕಿಸಬೇಕು. ಇವೆರಡೂ ಓಡಿಸಿದಂತೆಲ್ಲ ಸರಿಹೋಗುವ ದೋಷಗಳಲ್ಲ (ಹಾಗೆಂದು ಯಾರು ಸಮಾಧಾನ ಹೇಳಿದರೂ ಒಪ್ಪಬೇಡಿ). ಕಾರನ್ನು ಅಲ್ಲಿಯೇ ನಿಲ್ಲಿಸಿ, ಸರ್ವಿಸ್ ಸೆಂಟರಿನವರನ್ನು ಕರೆಸಿ.