ಹೊರದೇಶದಲ್ಲಿ ಮಾಸ್ತರ್ ಕೆಲಸ: ಹಳೆ ಪೊಲೀಸ್ ಕೇಸ್ ಇದ್ದವರು ವೀಸಾಕ್ಕೆ ಏನು ಮಾಡಬೇಕು

ನಮ್ಮ ಚಿಕ್ಕಪ್ಪನ ಮಗ ಧಾರವಾಡದಲ್ಲಿ ಗಣಿತ ಮಾಸ್ತರ್. 2016ರ ಜುಲೈನಲ್ಲಿ ಮಹದಾಯಿ ಹೋರಾಟ ಜೋರಾಗಿದ್ದಾಗ ರಸ್ತೆ ತಡೆಗೆ ಹೋಗಿ ಅರೆಸ್ಟ್ ಆಗಿದ್ದ, ಆಗಿನ್ನೂ ಕಾಲೇಜು ಹುಡುಗ. ಈಗ ಇಂಗ್ಲೆಂಡಿನ ಶಾಲೆಯಿಂದ ಆಫರ್ ಬಂದಿದೆ, ಮನೆಯಲ್ಲಿ ಖುಷಿಗಿಂತ ಭಯವೇ ಜಾಸ್ತಿ. ಅವನ ಫೈಲ್ ಹಿಡಿದು ನಾನೂ ಓಡಾಡಿದೆ. ನವಲಗುಂದ, ನರಗುಂದದ ಕಡೆ ಇಂಥ ಹುಡುಗರು ಇನ್ನೂ ಇದ್ದಾರೆ, ಅವರಿಗಾಗಿ ಇದು.

ಅರೆಸ್ಟ್ ಬೇರೆ, ಶಿಕ್ಷೆ ಬೇರೆ. ಬರೀ ಅರೆಸ್ಟ್ ಆಗಿತ್ತು ಅನ್ನೋದಕ್ಕೇ ವೀಸಾ ತಪ್ಪೋದು ಕಡಿಮೆ. ಕೇಸ್ ಹೇಗೆ ಮುಗಿಯಿತು ಅನ್ನೋದೇ ಮುಖ್ಯ. ಪೊಲೀಸರು ಬಿ ರಿಪೋರ್ಟ್ (ಸಾಕ್ಷಿ ಇಲ್ಲ, ಕೇಸ್ ಮುಚ್ಚಿ ಅಂತ ಕೋರ್ಟಿಗೆ ಕೊಡುವ ವರದಿ) ಹಾಕಿದರೋ, ಖುಲಾಸೆ ಆಯಿತೋ, ರಾಜಿ ಆಯಿತೋ, ಯಾವುದಾದರೂ ಸರಿ, ಆ ಆದೇಶದ ಸರ್ಟಿಫೈಡ್ ಕಾಪಿ ಕೋರ್ಟಿನಿಂದ ತೆಗೆಸಿ. ಸರ್ಕಾರ ಹೋರಾಟಗಾರರ ಕೇಸ್ ವಾಪಸ್ ತಗೊಂಡಿತು ಅಂತ ಪೇಪರ್‌ನಲ್ಲಿ ಓದಿ ಸುಮ್ನೆ ಕೂತವರಿದ್ದಾರೆ. ಅದು ಸಾಲದು. ಸರ್ಕಾರಿ ವಕೀಲರು ಅರ್ಜಿ ಹಾಕಿ, ಕೋರ್ಟ್ ಅದನ್ನು ಒಪ್ಪಿ ಆದೇಶ ಮಾಡಿದ ಮೇಲೆಯೇ ಕೇಸ್ ಮುಗಿದಂತೆ.

ಇನ್ನೊಂದು ಮಾತು. ದೀಪಾವಳಿಯಲ್ಲಿ ಇಸ್ಪೀಟ್ ಆಡಿ ಸಿಕ್ಕಿಬಿದ್ದು, ತಪ್ಪು ಒಪ್ಪಿಕೊಂಡು ಕೋರ್ಟಿನಲ್ಲಿ ದಂಡ ಕಟ್ಟಿ ಬಂದವರು 'ನನಗೇನೂ ಶಿಕ್ಷೆ ಆಗಿಲ್ಲ' ಅನ್ನುತ್ತಾರೆ. ಕಾನೂನಿನಲ್ಲಿ ಅದೂ ಶಿಕ್ಷೆಯೇ, ಫಾರಂನಲ್ಲಿ ಹೇಳಲೇಬೇಕು.

ಆಮೇಲೆ ಪಿಸಿಸಿ, ಅಂದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್. ಹೊರದೇಶಕ್ಕೆ ಬೇಕಾದದ್ದನ್ನು ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲೇ ಹಾಕಬೇಕು, ಫೀ 500 ರೂಪಾಯಿ. ಸೇವಾ ಸಿಂಧುವಿನಲ್ಲಿ ಸಿಗುವ ಪೊಲೀಸ್ ಪರಿಶೀಲನೆ ಪತ್ರ ಇಲ್ಲಿನ ಕೆಲಸಗಳಿಗೆ. ಬ್ರಿಟನ್ನಿನಲ್ಲಿ ಪಾಠ ಮಾಡುವ ಕೆಲಸಕ್ಕೆ ಹೋಗುವವರು ಕಳೆದ 10 ವರ್ಷಗಳಲ್ಲಿ 12 ತಿಂಗಳು ಅಥವಾ ಜಾಸ್ತಿ ಇದ್ದ ಪ್ರತಿ ದೇಶದಿಂದಲೂ ಇಂಥ ಪತ್ರ ಕೊಡಬೇಕು. ನಮ್ಮ ಹುಡುಗನ ಕೇಸ್ ಮುಗಿದು ವರ್ಷಗಳಾಗಿದ್ದರೂ ಠಾಣೆಯ ದಾಖಲೆಯಲ್ಲಿ 'ವಿಚಾರಣೆ ಬಾಕಿ' ಅಂತಲೇ ಇತ್ತು. ಆದೇಶದ ಪ್ರತಿ ಕೊಟ್ಟು ಅದನ್ನು ಸರಿಮಾಡಿಸಲು ಮೂರು ಸಲ ಹೋಗಬೇಕಾಯಿತು. ಅರ್ಜಿ ಹಾಕುವ ಮೊದಲೇ ಇದನ್ನು ನೋಡಿಕೊಳ್ಳಿ.

ಫಾರಂ ತುಂಬುವಾಗ ಪ್ರಶ್ನೆಯನ್ನು ಎರಡು ಸಲ ಓದಿ, ದೇಶದಿಂದ ದೇಶಕ್ಕೆ ಅದು ಬೇರೆ. ಅಮೆರಿಕದ ವೀಸಾ ಫಾರಂ ಡಿಎಸ್-160 'ಯಾವಾಗಲಾದರೂ ಅರೆಸ್ಟ್ ಆಗಿದ್ದೀರಾ' ಅಂತ ಕೇಳುತ್ತದೆ. ಖುಲಾಸೆ ಆಗಿದ್ದರೂ ಉತ್ತರ 'ಹೌದು'. ಕೆನಡಾ ಕೂಡ ಅರೆಸ್ಟ್ ಬಗ್ಗೆ ಕೇಳುತ್ತದೆ. ಬ್ರಿಟನ್ ಕೇಳುವುದು ಶಿಕ್ಷೆ, ದಂಡ, ವಿಚಾರಣೆ ಬಾಕಿ ಇರುವ ಕೇಸ್, ಇಂಥವನ್ನು. ಏಜೆಂಟ್ 'ಇಲ್ಲ ಅಂತ ಹಾಕ್ರಿ, ಯಾರಿಗೆ ಗೊತ್ತಾಗುತ್ತೆ' ಅಂದರೆ ದಯವಿಟ್ಟು ಕೇಳಬೇಡಿ. ಮುಚ್ಚಿಟ್ಟದ್ದು ಸಿಕ್ಕಿದರೆ ಬ್ರಿಟನ್ 10 ವರ್ಷ, ಕೆನಡಾ 5 ವರ್ಷ ಬಾಗಿಲು ಹಾಕಬಹುದು, ಅಮೆರಿಕದಲ್ಲಿ ಅದು ಜೀವನಪೂರ್ತಿ ಆಗಬಹುದು. ಮಕ್ಕಳ ಮೇಲಿನ ಅಪರಾಧಕ್ಕೆ ಶಿಕ್ಷೆ ಆಗಿದ್ದರೆ ಮಾತ್ರ ಮಾಸ್ತರ್ ಕೆಲಸದ ಆಸೆ ಬಿಡಬೇಕು. ಅದು ಸರಿಯೂ ಹೌದು.

ಕೇಸ್ ಇನ್ನೂ ನಡೆಯುತ್ತಿದ್ದರೆ ಪಿಸಿಸಿ ಸಿಗೋದು ಕಷ್ಟ. ಕೋರ್ಟ್ ಅನುಮತಿ ತಂದರೆ ಪಾಸ್‌ಪೋರ್ಟ್ ಸಿಗುತ್ತದೆ, ಆದರೆ ಆದೇಶದಲ್ಲಿ ಅವಧಿ ಬರೆಯದಿದ್ದರೆ 1 ವರ್ಷಕ್ಕೆ ಮಾತ್ರ. ಎರಡು ವರ್ಷದ ಕೆಲಸಕ್ಕೆ ಅದು ಸಾಲಲ್ಲ ಅಲ್ವಾ? ಹಾಗಾಗಿ ಅರ್ಜಿಯಲ್ಲೇ ಅವಧಿ ಕೇಳಲು ವಕೀಲರಿಗೆ ಹೇಳಿ. ಕೇಸಿನಲ್ಲಿ ಹುರುಳಿಲ್ಲದಿದ್ದರೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ ರದ್ದು ಮಾಡಿಸಲು ಅರ್ಜಿ ಹಾಕಬಹುದು.

ನಮ್ಮ ಕೋರ್ಟಿನ ಕಾಗದ ಕನ್ನಡದಲ್ಲಿರುತ್ತವೆ, ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಮಾಡಿಸಿ. ಎಫ್‌ಐಆರ್‌ನಲ್ಲಿ 'ವಯಾ 20 ವರ್ಷ, ಸಾ|| ನವಲಗುಂದ' ಅಂತ ಬರೆದ ಸಾಲಿನಲ್ಲಿ ಹೆಸರು, ಅಡ್ಡಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇದೆಯಾ ನೋಡಿ. ಇಲ್ಲದಿದ್ದರೆ, ಎರಡೂ ಹೆಸರು ಒಬ್ಬನದೇ ಅಂತ ಒಂದು ಅಫಿಡವಿಟ್ ಮಾಡಿಸಿ ಅದರ ಜೊತೆಗೇ ಇಡಿ.