ಫ್ಲೆಕ್ಸ್ ಬೇಡ ಅಂದಿದ್ದು, ಆಮೇಲೆ ಲಿಸ್ಟ್ ಬರೆದಿದ್ದು: ರಾಜಕೀಯದಿಂದ ದೂರ ಇದ್ದ ನನ್ನ ಅನುಭವ

ನಾವು ಐದಾರು ಜನ ಸೇರ್ಕೊಂಡು ರಕ್ತದಾನ ಶಿಬಿರ ಮಾಡೋಕೆ ಶುರು ಮಾಡಿ ಹನ್ನೆರಡು ವರ್ಷ ಆಯ್ತು. ಮೊದಲ ದಿನಾನೇ ಹಾಕ್ಕೊಂಡ ರೂಲ್ ಒಂದೇ, ಯಾವ ಪಕ್ಷದ ಬ್ಯಾನರೂ ಬೇಡ, ಯಾವ ಲೀಡರ್ ಫೋಟೋನೂ ಬೇಡ. ಆಗ ದೊಡ್ಡ ಯೋಚನೆ ಏನೂ ಇರ್ಲಿಲ್ಲ, ಜಗಳ ಬೇಡ ಅಂತ ಅಷ್ಟೇ.

ಮೂರನೇ ವರ್ಷ ಒಬ್ಬ ಲೀಡರ್ ಕಡೆಯವರು ಬಂದು ಹಾಲ್ ಬಾಡಿಗೆ, ಜ್ಯೂಸು, ಟೀಶರ್ಟು ಎಲ್ಲಾ ನಾವೇ ಕೊಡ್ತೀವಿ, ಗೇಟ್ ಹತ್ರ ಸಾಹೇಬ್ರದ್ದು ಒಂದು ಫ್ಲೆಕ್ಸ್ ಇರ್ಲಿ ಅಂದ್ರು. ನಮ್ಮ ಕೈಲಿ ದುಡ್ಡಿರ್ಲಿಲ್ಲ, ನಮ್ಮಲ್ಲೇ ಇಬ್ರು ಒಂದು ಫ್ಲೆಕ್ಸ್ ತಾನೇ ಬಿಡು ಅಂದ್ರು. ನಾನು ಡೋನರ್ ಲಿಸ್ಟ್ ತೆಗೆದು ಮುಂದಿಟ್ಟೆ, ಅದ್ರಲ್ಲಿ ಆ ಪಕ್ಷದವರೂ ಇದ್ರು, ಅವ್ರನ್ನ ಕಂಡ್ರೆ ಆಗದವರೂ ಇದ್ರು. ಪ್ಲೇಟ್‌ಲೆಟ್ ಸಾಮಾನ್ಯವಾಗಿ 5 ದಿನ, ಕೆಂಪು ರಕ್ತಕಣ 35ರಿಂದ 42 ದಿನ ಅಷ್ಟೇ ಇಡೋಕಾಗೋದು, ಅಂದ್ರೆ ವರ್ಷಕ್ಕೊಂದ್ಸಲ ಜಾತ್ರೆ ಥರ ಜನ ಸೇರಿದ್ರೆ ಸಾಲಲ್ಲ, ಅದೇ ಜನ ಮತ್ತೆ ಮತ್ತೆ ಬರ್ಬೇಕು. ಫ್ಲೆಕ್ಸ್ ನೋಡಿ ಅರ್ಧ ಜನ ಗೇಟಿಂದಲೇ ವಾಪಸ್ ಹೋದ್ರೆ, ಮುಂದೆ ರಾತ್ರಿ ಹನ್ನೊಂದಕ್ಕೆ ಅರ್ಜೆಂಟ್ ಅಂತ ಫೋನ್ ಮಾಡ್ದಾಗ ಯಾರು ಬರ್ತಾರೆ? ಬೇಡ ಅಂದ್ವಿ. ಮರುವರ್ಷ ಎದುರು ಪಕ್ಷದವರು ಬಂದ್ರು, ಅವ್ರಿಗೂ ಅದೇ ಮಾತು ಹೇಳಿದ್ವಿ.

ನನ್ನ ಸ್ವಂತಕ್ಕೂ ಅಷ್ಟೇ, ರ್ಯಾಲಿಗೆ ಹೋಗಲ್ಲ, ಗ್ರೂಪಲ್ಲಿ ಪಕ್ಷದ ಮೆಸೇಜ್ ಫಾರ್ವರ್ಡ್ ಮಾಡಲ್ಲ. ಆದ್ರೆ ಓಟು ತಪ್ಪಿಸಲ್ಲ, ಯಾರಿಗೆ ಅಂತ ಮನೇಲೂ ಹೇಳಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ, ಸೌತ್ ಆಸ್ಟ್ರೇಲಿಯಾದಲ್ಲಿ 1856ರಲ್ಲೇ ಗುಪ್ತ ಮತದಾನ ತಂದ್ರು, ಅದೇ ದೇಶ 1924ರಲ್ಲಿ ಓಟು ಹಾಕೋದು ಕಡ್ಡಾಯ ಮಾಡ್ತು, ಎರಡೂ ಒಟ್ಟಿಗೆ ಇರಬಹುದು ಅಂತ ನಂಗೆ ಸಮಾಧಾನ ಕೊಟ್ಟ ವಿಷಯ ಇದು.

ನಾನು ಎಡವಿದ್ದು ಬೇರೆ ಕಡೆ. ಒಂದು ಮಳೆಗಾಲ ನೆರೆ ಬಂದು ಪರಿಹಾರದ ಲಿಸ್ಟ್ ಆಯ್ತು, ಒಂದು ಓಣಿಯ ಹೆಸರುಗಳೇ ಇಲ್ಲ, ಅವರು ಗೆದ್ದವರಿಗೆ ಓಟು ಹಾಕಿಲ್ಲ ಅಂತ ಎಲ್ರೂ ಮಾತಾಡ್ಕೊಳ್ತಿದ್ರು. ಇದು ರಾಜಕೀಯ, ನಮಗ್ಯಾಕೆ ಅಂತ ನಾನು ನಾಲ್ಕು ದಿನ ಸುಮ್ನಿದ್ದೆ. ಆ ಓಣಿಯ ಒಬ್ಬ ಅಜ್ಜಿ, ಅವ್ರ ಮಗ ನಮ್ಮ ಖಾಯಂ ಡೋನರ್, 'ನಮ್ಮ ಹೆಸ್ರು ಯಾಕಿಲ್ಲ ಅಂತ ಕೇಳೋಕೂ ಆಗಲ್ವೇನಪ್ಪಾ ನಿಂಗೆ' ಅಂದ್ರು. ಆ ನಾಲ್ಕು ದಿನದ ಬಗ್ಗೆ ಇವತ್ತಿಗೂ ನೋವಿದೆ, ಅಲ್ಲಿ ಮಕ್ಕಳು ಒದ್ದೆ ನೆಲದ ಮೇಲೆ ಮಲಗಿದ್ವು.

ಆಮೇಲೆ ರೆಡ್ ಕ್ರಾಸ್‌ನವರು ಇದನ್ನ ಹೇಗೆ ನಿಭಾಯಿಸ್ತಾರೆ ಅಂತ ಓದಿದೆ. 1965ರಲ್ಲಿ ವಿಯೆನ್ನಾದಲ್ಲಿ ಒಪ್ಕೊಂಡ ಅವರ 7 ಮೂಲ ತತ್ವಗಳಲ್ಲಿ ತಟಸ್ಥತೆ ಬೇರೆ, ನಿಷ್ಪಕ್ಷಪಾತ ಬೇರೆ. ಮೊದಲನೆಯದು ಅಂದ್ರೆ ಎಲ್ಲರ ನಂಬಿಕೆ ಉಳಿಸ್ಕೊಳ್ಳೋಕೆ ಜಗಳದಲ್ಲಿ ಯಾರ ಪರವೂ ನಿಲ್ಲದೇ ಇರೋದು, ಎರಡನೆಯದು ಜಾತಿ ಧರ್ಮ ಪಕ್ಷ ನೋಡದೆ ಯಾರಿಗೆ ಕಷ್ಟ ಜಾಸ್ತಿಯೋ ಅವರಿಗೆ ಮೊದಲು ಕೊಡೋದು. ನಾನು ಮೊದಲನೆಯದನ್ನ ಹಿಡ್ಕೊಂಡು ಎರಡನೆಯದನ್ನ ಬಿಟ್ಬಿಟ್ಟಿದ್ದೆ. 1942ರ ಅಕ್ಟೋಬರ್‌ನಲ್ಲಿ ಇದೇ ರೆಡ್ ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿ ಜಿನೀವಾದಲ್ಲಿ ಸಭೆ ಸೇರಿ, ಎರಡನೇ ಮಹಾಯುದ್ಧದಲ್ಲಿ ನಾಗರಿಕರ ಮೇಲೆ ನಡೀತಿದ್ದ ದೌರ್ಜನ್ಯದ ಬಗ್ಗೆ ಬಹಿರಂಗ ಹೇಳಿಕೆ ಕೊಡೋದು ಬೇಡ ಅಂತ ತೀರ್ಮಾನಿಸ್ತು, ನಾಜಿಗಳು ಕೊಲ್ತಿದ್ದ ಯಹೂದಿಗಳ ವಿಷಯದಲ್ಲಿ ತಾವು ಸೋತಿದ್ದನ್ನ ಎಷ್ಟೋ ವರ್ಷದ ಮೇಲೆ ಅವರೇ ಒಪ್ಕೊಂಡ್ರು. ಅದನ್ನ ಓದಿ ಆ ರಾತ್ರಿ ನಿದ್ದೆ ಬರ್ಲಿಲ್ಲ.

ಐದನೇ ದಿನ ಮನೆ ಮನೆಗೆ ಹೋಗಿ ಎಷ್ಟು ಜನ, ಏನೇನು ಹಾಳಾಗಿದೆ, ಮಕ್ಕಳೆಷ್ಟು ಅಂತ ಬರ್ಕೊಂಡ್ವಿ. ಯಾರಿಂದ ಬಿಟ್ಟೋಯ್ತು, ಯಾಕೆ ಅನ್ನೋದು ಒಂದು ಸಾಲೂ ಇಲ್ಲ. ಸೈನ್ ಹಾಕಿಸಿ ಆಫೀಸಿಗೆ ಕೊಟ್ವಿ, ಎರಡು ಸಲ ಅಲೆದ ಮೇಲೆ ಬಹುತೇಕ ಹೆಸರುಗಳು ಸೇರಿದ್ವು, ಕೆಲವು ಸೇರ್ಲೇ ಇಲ್ಲ.

ನೀವೂ ಎದುರು ಪಕ್ಷ ಸೇರಿದ್ರಾ ಅಂತ ಕೇಳಿದವರಿದ್ರು. ಗೆದ್ದವರ ಕಡೆ ಒಲವಿದ್ದ ನಮ್ಮ ಹಳೇ ಗೆಳೆಯನೊಬ್ಬ ಟೀಮ್ ಬಿಟ್ಟ. ಆದ್ರೆ ಶಿಬಿರಕ್ಕೆ ಈಗ್ಲೂ ಬರ್ತಾನೆ, ಲೈನಲ್ಲಿ ನಿಂತು ರಕ್ತ ಕೊಟ್ಟು ಹೋಗ್ತಾನೆ, ಫಾರ್ಮ್ ನಾನೇ ತುಂಬಿಸ್ಕೊಳ್ತೀನಿ.